ಎಷ್ಟು ಪಟ್ಟು ಎಂಬುದಷ್ಟೇ ಲೆಕ್ಕವಲ್ಲ

ಶಾಲಾ ಕಾಲೇಜಿಗೆ ಸೂಕ್ಷ್ಮದರ್ಶಕ ಕೊಳ್ಳಲು ಹೋದವರು ಮೊದಲು ಕೇಳುವುದು ‘ಎಷ್ಟು ಪಟ್ಟು ದೊಡ್ಡದಾಗಿ ತೋರಿಸುತ್ತದೆ?’ ಎಂದು. ನನ್ನ ಮಟ್ಟಿಗೆ ಈ ಪ್ರಶ್ನೆಯೇ ತಪ್ಪು. ‘1600 ಪಟ್ಟು’ ಎಂದು ಡಬ್ಬಿಯ ಮೇಲೆ ಅಚ್ಚು ಹಾಕಿದ ಅಗ್ಗದ ಯುಎಸ್‌ಬಿ ಕ್ಯಾಮೆರಾಗಳು ಮಾರಾಟವಾಗುವುದು ಇದರಿಂದಲೇ. ಅವುಗಳಲ್ಲಿ ಬಟ್ಟೆಯ ನೂಲು, ನಾಣ್ಯದ ಗೀರು ಚೆನ್ನಾಗಿ ಕಾಣುತ್ತವೆ. ಬ್ಯಾಕ್ಟೀರಿಯಾ ಕಾಣುವುದಿಲ್ಲ. ಮಸೂರಕ್ಕೆ ಸಿಗದ ವಿವರ, ಪರದೆಯ ಮೇಲೆ ಚಿತ್ರವನ್ನು ಎಷ್ಟು ಹಿಗ್ಗಿಸಿದರೂ ಸಿಗದು.

ಒತ್ತೊತ್ತಾಗಿರುವ ಎರಡು ಚುಕ್ಕೆಗಳನ್ನು ಬಿಡಿಸಿ ತೋರಿಸುವುದೇ ಸೂಕ್ಷ್ಮದರ್ಶಕದ ಯೋಗ್ಯತೆ. ಅದಕ್ಕೆ ಬೆಳಕೇ ಮಿತಿ ಹಾಕಿದೆ ಎಂದು ಜರ್ಮನಿಯ ಅರ್ನ್ಸ್ಟ್ ಆಬೆ 1873ರಲ್ಲೇ ತೋರಿಸಿದರು. ಆ ಮಿತಿ ಸುಮಾರು 0.2 ಮೈಕ್ರಾನ್. ವಸ್ತುವಿನ ಕಡೆಗಿರುವ ಮಸೂರದ, ಅಂದರೆ ಆಬ್ಜೆಕ್ಟಿವ್‌ನ ಮೇಲೆ 100/1.25 ಎಂಬಂತೆ ಬರೆದಿರುತ್ತದೆ. ನೋಡಬೇಕಾದದ್ದು ಎರಡನೆಯ ಸಂಖ್ಯೆಯನ್ನು. ಮಸೂರ ಎಷ್ಟು ಅಗಲದ ಬೆಳಕನ್ನು ಬಾಚಿಕೊಳ್ಳುತ್ತದೆ ಎಂಬುದನ್ನು ಅದು ಹೇಳುತ್ತದೆ. ಅದರ ಸಾವಿರದಷ್ಟನ್ನು, ಅಂದರೆ ಇಲ್ಲಿ 1250 ಪಟ್ಟನ್ನು ಮೀರಿದರೆ ದೊಡ್ಡದಾಗುವುದು ಬರಿಯ ಮಬ್ಬು. ಇ. ಕೋಲೈ ಬ್ಯಾಕ್ಟೀರಿಯಾ ಸುಮಾರು ಎರಡು ಮೈಕ್ರಾನ್ ಉದ್ದವಿರುತ್ತದೆ. 40/0.65ರಲ್ಲಿ ಅದು ಹೆಚ್ಚುಕಡಿಮೆ ಒಂದು ಚುಕ್ಕೆ. ಎಣ್ಣೆಯ ಹನಿ ಹಾಕಿ 100ರ ಆಬ್ಜೆಕ್ಟಿವ್ ಇಳಿಸಿದಾಗಲೇ ಕಡ್ಡಿಯ ಆಕಾರ ತೆರೆದುಕೊಳ್ಳುತ್ತದೆ. ಗಾಜಿಗೂ ಮಸೂರಕ್ಕೂ ನಡುವೆ ಗಾಳಿಯಿದ್ದರೆ ಓರೆಯಾಗಿ ಬರುವ ಕಿರಣಗಳು ಚದುರಿಹೋಗುತ್ತವೆ. ಎಣ್ಣೆ ಅವನ್ನು ಹಿಡಿದುಕೊಡುತ್ತದೆ. ಮಾದರಿಯ ಮೇಲೆ ಬೆಳಕನ್ನು ಕೂಡಿಸುವ ಕೆಳಗಿನ ಕಂಡೆನ್ಸರ್ ಕಳಪೆಯಾದರೆ ಈ ಆಬ್ಜೆಕ್ಟಿವ್ ಇದ್ದೂ ವ್ಯರ್ಥ. ಮಾರುವವರು ಕಂಡೆನ್ಸರ್ ಮಾತೆತ್ತುವುದೇ ಅಪರೂಪ.

ಮೇಲ್ಮೈ ನೋಡುವುದು ಬೇರೆಯೇ ಕೆಲಸ. ಲೋಹ, ಕಲ್ಲು, ಎಲೆಯ ಮೇಲ್ಭಾಗಕ್ಕೆ ಬೆಳಕು ಮೇಲಿನಿಂದ ಬೀಳಬೇಕು. 100ರ ಆಬ್ಜೆಕ್ಟಿವ್ ವಸ್ತುವಿಗೆ ಒಂದು ಮಿಲಿಮೀಟರಿನ ಐದನೇ ಒಂದು ಭಾಗದಷ್ಟು ಹತ್ತಿರ ಬರಬೇಕು. ಒರಟು ಮೇಲ್ಮೈಯಲ್ಲಿ ಅದು ಆಗದ ಮಾತು. 10ರಿಂದ 40 ಪಟ್ಟಿನ ಸ್ಟೀರಿಯೊ ಸೂಕ್ಷ್ಮದರ್ಶಕ ಇಲ್ಲಿ ಹೆಚ್ಚು ಉಪಯುಕ್ತ. ಮೇಲ್ಮೈಗೆ ಅಂಟಿದ ಬ್ಯಾಕ್ಟೀರಿಯಾವನ್ನು ಅಲ್ಲೇ ನೋಡಲು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವಿದೆ, ನಿಜ. ಆದರೆ ಸಾಮಾನ್ಯವಾಗಿ ಮಾದರಿಯನ್ನು ಒಣಗಿಸಿ, ಚಿನ್ನದ ತೆಳುಲೇಪ ಕೊಟ್ಟು, ನಿರ್ವಾತದಲ್ಲಿಡಬೇಕು. ಜೀವಂತ ಚಲನೆ ಅಲ್ಲಿ ಸಿಗದು. ಶಾಲೆಗೆ ಸುಲಭದ ದಾರಿಯಿದೆ: ಹತ್ತಿಯಿಂದ ಒರೆಸಿ ಸ್ಲೈಡಿಗೆ ಸವರಿ, 1884ರಿಂದ ಬಳಕೆಯಲ್ಲಿರುವ ಗ್ರಾಂ ಬಣ್ಣ ಹಾಕಿ ನೋಡುವುದು.

ಎರಡೂ ಕೆಲಸಕ್ಕೆ ಒಂದೇ ಯಂತ್ರ ಎನ್ನುವವರನ್ನು ನಂಬಬೇಡಿ. ಹಣ ಕಡಿಮೆಯಿದ್ದರೆ ಬ್ಯಾಕ್ಟೀರಿಯಾ ನೋಡಲು ಬೇಕಾದ ಒಳ್ಳೆಯ ಕಾಂಪೌಂಡ್ ಸೂಕ್ಷ್ಮದರ್ಶಕ ಒಂದನ್ನು ಮೊದಲು ಕೊಳ್ಳಿ, ಸ್ಟೀರಿಯೊ ಮುಂದಿನ ವರ್ಷಕ್ಕಿರಲಿ. ಅಂಗಡಿಗೆ ಹೋಗುವಾಗ ತೆಳುಮಾಡಿದ ಮೊಸರನ್ನು ಸವರಿ, ಒಣಗಿಸಿ, ಮೆಥಿಲೀನ್ ನೀಲಿ ಹಾಕಿದ ಸ್ಲೈಡ್ ಒಂದನ್ನು ಒಯ್ಯಿರಿ. ಅದರಲ್ಲಿನ ಕಡ್ಡಿಗಳೂ ಸರಗಳೂ ನಿಮ್ಮ ಕಣ್ಣಿಗೆ ಬಿದ್ದ ಮೇಲೆಯೇ ಹಣ ಕೊಡಿ.