ತಿಂಗಳ ಚಿತ್ರ ಮತ್ತು ಅನುಮೋದನೆಯ ಪ್ರಶ್ನೆ

ಪುಣೆಯಿಂದ ಸೊಲ್ಲಾಪುರ, ಉಮರಗಾ, ಹುಮನಾಬಾದ್, ಜಹೀರಾಬಾದ್‌ಗಳನ್ನು ಹಾದು ಹೈದರಾಬಾದಿನ ಕಡೆಗೆ ಸಾಗುವ 65ನೆಯ ರಾಷ್ಟ್ರೀಯ ಹೆದ್ದಾರಿಯ ಸೀಮೆಗೆ ಸಿನಿಮಾ ಮೂರು ದಿಕ್ಕುಗಳಿಂದ ಬರುತ್ತದೆ: ಹೈದರಾಬಾದಿನಿಂದ ತೆಲುಗು, ಮುಂಬಯಿಯಿಂದ ಹಿಂದಿ ಮತ್ತು ಮರಾಠಿ, ದೂರದ ಬೆಂಗಳೂರಿನಿಂದ ಕನ್ನಡ. ನಿರ್ಣಾದಂಥ ಊರಿನ ಕುಟುಂಬಕ್ಕೆ ಈ ಭಾಷೆಗಳಲ್ಲಿ ಯಾವುದೂ ಪರಕೀಯವಲ್ಲ. ಆದುದರಿಂದ ಬೆಂಗಳೂರಿನ ಪ್ರೇಕ್ಷಕನಿಗಿಂತ ಇಲ್ಲಿಯವನ ಮುಂದಿರುವ ಆಯ್ಕೆ ಕಡಿಮೆಯೇನಲ್ಲ. ಆದರೆ ಮನೆಮಂದಿಯೆಲ್ಲ ಕೂಡಿ ಚಿತ್ರಮಂದಿರಕ್ಕೆ ಹೋಗಬೇಕೆಂದರೆ ಬಸ್ಸಿನ ಖರ್ಚು, ಟಿಕೇಟಿನ ಖರ್ಚು, ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ಹಿರಿಯರಿದ್ದರೆ ಮಧ್ಯಾಹ್ನದ ಆಟವೇ ಆಗಬೇಕೆಂಬ ಕಟ್ಟು, ಇವೆಲ್ಲ ಸೇರಿ ತಿಂಗಳಿಗೆ ಒಂದು ಚಿತ್ರವೇ ಹೆಚ್ಚು. ಆ ಒಂದು ಯಾವುದಾಗಬೇಕು?

ಸಾಮಾನ್ಯವಾಗಿ ಇದನ್ನು ನಿರ್ಧರಿಸುವುದು ಮಕ್ಕಳ ಮೊಬೈಲಿನಲ್ಲಿ ಕಂಡ ಟ್ರೇಲರು ಮತ್ತು ಮೊದಲ ದಿನದ ಗಳಿಕೆಯ ಸುದ್ದಿ. ಲೆಕ್ಕ ಬಲ್ಲ ವ್ಯಾಪಾರಸ್ಥರ ಮನೆಗಳಲ್ಲಿಯೂ ಪರರ ಗಲ್ಲಾಪೆಟ್ಟಿಗೆಯ ಅಂಕಿಯನ್ನು ಚಿತ್ರದ ಗುಣಕ್ಕೆ ಪ್ರಮಾಣವೆಂದು ಒಪ್ಪಿಕೊಳ್ಳುವುದು ಸೋಜಿಗದ ಸಂಗತಿ. ಇನ್ನು ಕೆಲವರು ಪ್ರಮಾಣಪತ್ರವನ್ನು ನೋಡುತ್ತಾರೆ. 1952ರ ಸಿನಿಮಾಟೋಗ್ರಾಫ್ ಕಾಯಿದೆಗೆ 2023ರಲ್ಲಿ ತಿದ್ದುಪಡಿಯಾಗಿ ‘ಯು/ಎ’ ಎಂಬ ಒಂದೇ ವರ್ಗ 7, 13 ಮತ್ತು 16 ವರ್ಷಗಳ ಮೂರು ಮೆಟ್ಟಿಲುಗಳಾಗಿ ಒಡೆಯಿತು. ಇದು ಉಪಯುಕ್ತವೇ. ಆದರೆ ‘ಎ’ ಪ್ರಮಾಣಪತ್ರದಂತೆ ಇದು ಬಾಗಿಲಲ್ಲಿ ತಡೆಯುವುದಿಲ್ಲ. ತಂದೆತಾಯಿಗಳಿಗೆ ಸಲಹೆ ನೀಡಿ ಕೈಬಿಡುತ್ತದೆ. ಅಲ್ಲದೆ ಮಂಡಳಿ ಹೇಳುವುದು ನೋಡುವವರ ವಯಸ್ಸನ್ನು. ನೋಡುತ್ತಿರುವಾಗ ಮನಸ್ಸು ಯಾವ ಕಡೆಗೆ ವಾಲುತ್ತದೆ ಎಂಬುದನ್ನು ಅದು ಹೇಳುವುದಿಲ್ಲ, ಹೇಳಲು ಅದಕ್ಕೆ ಅಧಿಕಾರವೂ ಇಲ್ಲ.

ಆ ಎರಡನೆಯ ಪ್ರಶ್ನೆಗೆ ಶ್ರಾವಕಾಚಾರದಲ್ಲಿ ಹಳೆಯ ಹೆಸರುಗಳೇ ಇವೆ. ಕರ್ಮಕ್ಕೆ ಕೃತ, ಕಾರಿತ, ಅನುಮೋದಿತ ಎಂದು ಮೂರು ದ್ವಾರಗಳು. ಕೊಂದವನು, ಕೊಲ್ಲಿಸಿದವನು, ಕೊಂದುದನ್ನು ಮೆಚ್ಚಿದವನು. ಪರದೆಯ ಮುಂದೆ ಕುಳಿತವನಿಗೆ ಮೊದಲ ಎರಡು ದ್ವಾರಗಳು ಮುಚ್ಚಿರುತ್ತವೆ; ಮೂರನೆಯದು ಪೂರ್ತಿಯಾಗಿ ತೆರೆದಿರುತ್ತದೆ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಎಣಿಸಿದ ಐದು ಅನರ್ಥದಂಡಗಳಲ್ಲಿ ‘ದುಃಶ್ರುತಿ’ಯೂ ಒಂದು. ಮನಸ್ಸನ್ನು ಕಲುಷಿತಗೊಳಿಸುವ ಕಥನವನ್ನು ಕೇಳುವುದು ಎಂದು ಅದರ ತಾತ್ಪರ್ಯ. ಪ್ರಯೋಜನವಿಲ್ಲದೆ ತಗಲುವ ಪಾಪಗಳ ಪಟ್ಟಿಯಲ್ಲಿ ಅದು ಸೇರಿದೆ ಎಂಬುದು ಗಮನಾರ್ಹ.

ಈ ಒರೆಗಲ್ಲಿಗೆ ಮೊದಲು ಹಚ್ಚಬೇಕಾದುದು, ಹೆಸರಿನ ಕಾರಣದಿಂದಲೇ, ಎಸ್.ಎಸ್. ರಾಜಮೌಳಿಯವರ ‘ಬಾಹುಬಲಿ’. 2015ರಲ್ಲಿ ಮೊದಲ ಭಾಗ, 2017ರಲ್ಲಿ ಎರಡನೆಯದು, 2025ರಲ್ಲಿ ಎರಡನ್ನೂ ಕೂಡಿಸಿದ ರೂಪ, ಹೀಗೆ ಹತ್ತು ವರ್ಷಗಳಲ್ಲಿ ಮೂರು ಬಾರಿ ಅದು ‘ಹೊಸ ಚಿತ್ರ’ವಾಯಿತು. (ಕಥೆಯಲ್ಲಿ ಖಳನ ತಂದೆಯ ಹೆಸರು ಬಿಜ್ಜಳದೇವ. ಬಸವಕಲ್ಯಾಣದ ನೆರೆಯವರಿಗೆ ಕಲಚುರಿ ಅರಸ ಬಿಜ್ಜಳ ನೆನಪಾಗದೆ ಇರನು. ಚಿತ್ರದವರು ಹೆಸರುಗಳನ್ನು ಆರಿಸಿದ್ದು ನಾದಕ್ಕಾಗಿಯೇ ಹೊರತು ಚರಿತ್ರೆಗಾಗಿ ಅಲ್ಲ.) ಚಿತ್ರಕ್ಕೆ ನ್ಯಾಯ ಸಲ್ಲಿಸಿಯೇ ಮಾತನಾಡಬೇಕು. ಯುದ್ಧಕ್ಕೆ ಮುನ್ನ ದೇವಿಗೆ ಪಶುವನ್ನು ಬಲಿಕೊಡಬೇಕಾದಾಗ ನಾಯಕ ಮೂಕಪ್ರಾಣಿಯನ್ನು ಬಿಟ್ಟು ತನ್ನ ಕೈಯನ್ನೇ ಕೊಯ್ದು ರಕ್ತವನ್ನು ಅರ್ಪಿಸುತ್ತಾನೆ. ಶತ್ರುಗಳು ಗುರಾಣಿಯಂತೆ ಮುಂದೊಡ್ಡಿದ ಪ್ರಜೆಗಳನ್ನು ತುಳಿಯದೆ ಉಳಿಸುತ್ತಾನೆ. ಜನಪ್ರಿಯ ಚಿತ್ರವೊಂದರಲ್ಲಿ ದಯೆಯನ್ನು ರಾಜಯೋಗ್ಯತೆಯ ಲಕ್ಷಣವಾಗಿ ಇಷ್ಟು ಸ್ಪಷ್ಟವಾಗಿ ತೋರಿಸಿದ್ದು ಅಪರೂಪ.

ಆದರೂ ಅದರ ಎರಡನೆಯ ಭಾಗದಲ್ಲಿ ಚಿತ್ರಮಂದಿರ ಎದ್ದು ನಿಲ್ಲುವುದು ಈ ದಯೆಗಾಗಿ ಅಲ್ಲ. ಸ್ತ್ರೀಯರ ಮೈಮುಟ್ಟಿದವನ ಬೆರಳು ಕತ್ತರಿಸಿದ ದೇವಸೇನೆಯನ್ನು ಸಭೆಗೆ ತಂದಾಗ, ಕತ್ತರಿಸಬೇಕಾದುದು ಬೆರಳಲ್ಲ, ತಲೆ ಎಂದು ನಾಯಕ ತುಂಬಿದ ಸಭೆಯಲ್ಲಿಯೇ ಅವನ ಶಿರವನ್ನು ಹಾರಿಸುತ್ತಾನೆ. ಅಪರಾಧಿ ಶಿಕ್ಷಾರ್ಹನೆಂಬುದರಲ್ಲಿ ಸಂದೇಹವಿಲ್ಲ. ಆ ಸ್ತ್ರೀಯರ ಪರವಾಗಿ ಹುಟ್ಟುವ ಕೋಪವೂ ನ್ಯಾಯವಾದುದೇ. ಆದರೆ ದೃಶ್ಯದ ಕಟ್ಟಡವೆಲ್ಲ ಆ ಕೋಪವನ್ನು ಒಂದು ಶಿಳ್ಳೆಯಾಗಿ ಮಾರ್ಪಡಿಸಲಿಕ್ಕೆಂದೇ ಇದೆ. ತಾಯಿಯ ಪಕ್ಕದಲ್ಲಿ ಕುಳಿತ ಹತ್ತು ವರ್ಷದ ಬಾಲಕನೂ ಶಿಳ್ಳೆ ಹಾಕುತ್ತಾನೆ. ಅದೇ ಅನುಮೋದನೆ.

ಆ ಹೆಸರಿನ ಮೂಲಪುರುಷನ ಕಥೆ ಬೇರೆ. 941ರಲ್ಲಿ ಪಂಪ ರಚಿಸಿದ ಆದಿಪುರಾಣದಲ್ಲಿ ಭರತ ಮತ್ತು ಬಾಹುಬಲಿಯರ ಸೈನ್ಯಗಳು ಎದುರುಬದುರಾಗಿ ನಿಂತಾಗ ಮಂತ್ರಿಗಳು ತಡೆಯುತ್ತಾರೆ. ಇಬ್ಬರೂ ಚರಮದೇಹಿಗಳು, ಇವರಿಗೆ ಸಾವಿಲ್ಲ, ಸಾಯುವುದು ಸಾಮಾನ್ಯ ಸೈನಿಕರು ಮಾತ್ರ ಎಂಬುದು ಅವರ ವಾದ. ಆದುದರಿಂದ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲಿಯೂ ಗೆದ್ದ ಬಾಹುಬಲಿ ಅಣ್ಣನನ್ನು ಎತ್ತಿ ಹಿಡಿದು, ನೆಲಕ್ಕೆ ಅಪ್ಪಳಿಸದೆ ಇಳಿಸುತ್ತಾನೆ. ರಾಜ್ಯವನ್ನು ಬಿಟ್ಟು ತಪಸ್ಸಿಗೆ ನಡೆಯುತ್ತಾನೆ. ಚಾವುಂಡರಾಯ 981ರಲ್ಲಿ ಶ್ರವಣಬೆಳಗೊಳದ ಬೆಟ್ಟದ ಮೇಲೆ ನಿಲ್ಲಿಸಿದ್ದು ಈ ಬಾಹುಬಲಿಯನ್ನು. ಚಿತ್ರ ಆ ಕಥೆಯನ್ನು ಹೇಳುತ್ತೇನೆಂದು ಎಲ್ಲಿಯೂ ಹೇಳಿಕೊಂಡಿಲ್ಲ. ಆದುದರಿಂದ ಅಪಚಾರವೆಂದು ಕೂಗೆಬ್ಬಿಸುವುದು ಸಲ್ಲದು. ಆದರೆ ಮಕ್ಕಳಿಗೆ ಎರಡನೆಯ ಬಾಹುಬಲಿ ಗೊತ್ತಿದ್ದು ಮೊದಲನೆಯವನು ಗೊತ್ತಿಲ್ಲದಿದ್ದರೆ ತಪ್ಪು ಚಿತ್ರದ್ದಲ್ಲ, ಪಾಠಶಾಲೆಯದು.

ಯುದ್ಧವನ್ನು ತೋರಿಸುವುದೇ ದೋಷವೆಂದು ಇದರ ಅರ್ಥವೇ? ಹಾಗಾದರೆ ಜೈನಕವಿ ರನ್ನನ ಗದಾಯುದ್ಧವನ್ನೂ ಬದಿಗಿಡಬೇಕಾದೀತು. ಅಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆಯುತ್ತಾನೆ. ದ್ರೋಣ, ದುಶ್ಶಾಸನ, ಕರ್ಣರ ಶವಗಳ ಮುಂದೆ ಒಬ್ಬೊಬ್ಬರಾಗಿ ನಿಂತು ಮರುಗುತ್ತಾನೆ. ರಣದ ಭೀಕರತೆ ಪೂರ್ತಿ ಇದೆ. ಶಿಳ್ಳೆಗೆ ಅಲ್ಲಿ ಎಡೆಯಿಲ್ಲ. ಪ್ರೇಕ್ಷಕ ಯಾರ ಪಕ್ಕದಲ್ಲಿ ನಿಂತು ಏನನ್ನು ಬಯಸುವಂತಾಗುತ್ತಾನೆ ಎಂಬುದೇ ಮುಖ್ಯ.

‘ಕೆ.ಜಿ.ಎಫ್. ಚಾಪ್ಟರ್ 2’ ಬಿಡುಗಡೆಯಾದದ್ದು 2022ರ ಏಪ್ರಿಲ್ 14ರಂದು. ಆ ವರ್ಷ ಮಹಾವೀರ ಜಯಂತಿ ಬಂದದ್ದೂ ಅಂದೇ. ರಜೆಯ ದಿನ ಚಿತ್ರ ಬಿಡುಗಡೆ ಮಾಡುವುದು ವ್ಯಾಪಾರದ ಲೆಕ್ಕ, ಅದರಲ್ಲಿ ದುರುದ್ದೇಶ ಕಾಣಬೇಕಿಲ್ಲ. ಆದರೆ ಬೆಳಿಗ್ಗೆ ಮೆರವಣಿಗೆ, ಮಧ್ಯಾಹ್ನ ಈ ಚಿತ್ರ ಎಂದು ದಿನವನ್ನು ಹಂಚಿದ ಮನೆಗಳಿದ್ದರೆ ಅವು ಯೋಚಿಸಬೇಕಾದುದಿದೆ. ನಾಯಕ ‘ದೊಡ್ಡಮ್ಮ’ ಎಂಬ ಭಾರಿ ಬಂದೂಕಿನಿಂದ ಪೊಲೀಸ್ ಠಾಣೆಯನ್ನು ಜರಡಿ ಮಾಡಿ, ಕೆಂಪಗೆ ಕಾದ ಅದರ ನಳಿಕೆಯಿಂದ ಸಿಗರೇಟು ಹೊತ್ತಿಸಿಕೊಳ್ಳುತ್ತಾನೆ. ಕಾನೂನಿನ ಪ್ರಕಾರ ಪರದೆಯ ಕೆಳಗೆ ಎಚ್ಚರಿಕೆ ಮೂಡುವುದು ಸಿಗರೇಟಿನ ಬಗ್ಗೆ. ಬಂದೂಕಿನ ಬಗ್ಗೆ ಅಲ್ಲ. ಅನೇಕ ಮನೆಗಳ ವಿವೇಚನೆಯೂ ಈ ಎಚ್ಚರಿಕೆಯಷ್ಟೇ ಉದ್ದ: ಧೂಮಪಾನ, ಮದ್ಯ, ಉಡುಗೆಗಳನ್ನು ಎಣಿಸಿ ಅಲ್ಲಿಗೇ ನಿಲ್ಲುತ್ತದೆ. ಚಿತ್ರದ ನಿಜವಾದ ವಸ್ತು ಪರಿಗ್ರಹ. ತಾಯಿಗೆ ಕೊಟ್ಟ ಮಾತಿನ ಹೆಸರಿನಲ್ಲಿ ತಣಿಯದ ಚಿನ್ನದ ಹಸಿವು. ಕೊನೆಗೆ ಚಿನ್ನವೂ ನಾಯಕನೂ ಸಮುದ್ರದಲ್ಲಿ ಮುಳುಗುತ್ತಾರೆ. ಒಳ್ಳೆಯ ಕವಿಯ ಕೈಯಲ್ಲಿ ಇದು ವೈರಾಗ್ಯದ ಕಥೆಯಾಗುತ್ತಿತ್ತು. ಇಲ್ಲಿ ಮುಳುಗುವಿಕೆಯೂ ವೈಭವವೇ.

ಅದೇ ವರ್ಷದ ಜೂನ್ 10ರಂದು ತೆರೆಕಂಡ ಕಿರಣ್‌ರಾಜ್ ಅವರ ‘777 ಚಾರ್ಲಿ’ಯನ್ನು ಮೇಲಿನ ಎಣಿಕೆಯ ವಿಧಾನದಿಂದ ನೋಡಿದರೆ ಹೊರಗಿಡಬೇಕಾಗುತ್ತದೆ. ನಾಯಕ ಧರ್ಮ ಸೇದುತ್ತಾನೆ, ಕುಡಿಯುತ್ತಾನೆ, ನೆರೆಹೊರೆಯವರೊಡನೆ ಸಿಡುಕುತ್ತಾನೆ. ಅಂಥವನ ಬಾಗಿಲಿಗೆ, ಲಾಭಕ್ಕಾಗಿ ನಾಯಿಗಳನ್ನು ಕೂಡಿಹಾಕಿ ಮರಿಹಾಕಿಸುವವನಿಂದ ತಪ್ಪಿಸಿಕೊಂಡ ಲ್ಯಾಬ್ರಡಾರ್ ನಾಯಿ ಬರುತ್ತದೆ. ಒಲ್ಲದ ಮನಸ್ಸಿನಿಂದ ಆಶ್ರಯ ಕೊಟ್ಟವನು, ಅದಕ್ಕೆ ಕ್ಯಾನ್ಸರ್ ಎಂದು ತಿಳಿದಾಗ, ಹಿಮವನ್ನು ತೋರಿಸಲು ಹಿಮಾಲಯದವರೆಗೆ ಹೊರಡುತ್ತಾನೆ. ದ್ವಿತೀಯಾರ್ಧ ಉದ್ದವಾಯಿತು, ಕಣ್ಣೀರನ್ನು ಬಲವಂತವಾಗಿ ಹಿಂಡುವ ಸಂದರ್ಭಗಳಿವೆ. ಆದರೂ ಮುದ್ದಿನ ಪ್ರಾಣಿಯನ್ನು ಕೊಳ್ಳುವವನ ಹಣವೇ ಆ ಪಂಜರಗಳನ್ನು ನಡೆಸುತ್ತದೆ ಎಂಬ ‘ಕಾರಿತ’ದ ಪಾಠ ಚಿತ್ರದಲ್ಲಿ ಉಪದೇಶವಿಲ್ಲದೆ ಬರುತ್ತದೆ. ತಿಂಗಳ ಒಂದು ಚಿತ್ರಕ್ಕೆ ಇದು ತಕ್ಕುದು.

ಎಣಿಕೆಯನ್ನು ಮೊದಲೇ ನಿಗದಿಪಡಿಸುವುದಕ್ಕೂ ಆಧಾರವಿದೆ. ಭೋಗೋಪಭೋಗ ಪರಿಮಾಣದಲ್ಲಿ ಕಾಲಮಿತಿಯುಳ್ಳ ನಿಯಮಕ್ಕೆ ದಿನ, ಪಕ್ಷ, ಮಾಸ, ಋತು, ಅಯನಗಳೆಂಬ ಅವಧಿಗಳನ್ನು ಸಮಂತಭದ್ರರು ಹೇಳುತ್ತಾರೆ. ಸಂಖ್ಯೆ ಮೊದಲು, ಆಯ್ಕೆ ಆಮೇಲೆ. 2025ರ ಜುಲೈ 25ರಂದು ‘ಸು ಫ್ರಮ್ ಸೋ’ ಬಿಡುಗಡೆಯಾದಾಗ ಚಾತುರ್ಮಾಸ ಆಗ ತಾನೇ ಆರಂಭವಾಗಿತ್ತು. ಚಿತ್ರ ನಕ್ಕು ನಗಿಸುತ್ತದೆ, ಕೊನೆಗೆ ಅಸಹಾಯಕ ಹೆಣ್ಣೊಬ್ಬಳ ಪರವಾಗಿ ನಿಲ್ಲುತ್ತದೆ. ನಿಯಮ ಹಿಡಿದವರು ಕಾರ್ತಿಕ ಕಳೆದ ಮೇಲೆ ಮನೆಯಲ್ಲಿಯೇ ನೋಡಿದ್ದರೆ ಅದರ ನಗೆ ಹಳಸುತ್ತಿರಲಿಲ್ಲ.

ಟ್ರಸ್ಟುಗಳು ಸಭಾಭವನದಲ್ಲಿ ಹಿರಿಯರಿಗಾಗಿ ಒಂದು ಚಿತ್ರ ಏರ್ಪಡಿಸುವುದಾದರೆ, ಹಕ್ಕುದಾರರ ಅನುಮತಿ ಪಡೆದು, ಆನಂದ್ ಗಾಂಧಿಯವರ ‘ಶಿಪ್ ಆಫ್ ಥೀಸಿಯಸ್’ (ಭಾರತದಲ್ಲಿ ಬಿಡುಗಡೆ 2013) ಪರಿಶೀಲನೆಗೆ ಅರ್ಹ. ಅದರ ಮೂರು ಕಥೆಗಳಲ್ಲಿ ನಡುವಿನದು ಮೈತ್ರೇಯನೆಂಬ ಮುನಿಯದು. ಅವನ ಮತಕ್ಕೆ ಜೈನವೆಂಬ ಹೆಸರಿಲ್ಲ, ಹೋಲಿಕೆ ಮಾತ್ರ ನಿಚ್ಚಳ. ಪ್ರಾಣಿಗಳ ಮೇಲೆ ಔಷಧ ಪ್ರಯೋಗಿಸುವುದರ ವಿರುದ್ಧ ನ್ಯಾಯಾಲಯದಲ್ಲಿ ಹೋರಾಡುತ್ತಿರುವವನಿಗೆ ಯಕೃತ್ತಿನ ರೋಗ ತಗಲುತ್ತದೆ. ಪ್ರಾಣಿಹಿಂಸೆಯಿಂದ ಬಂದ ಔಷಧವನ್ನು ಒಲ್ಲೆನೆಂದು ಅವನು ಆಹಾರ ತ್ಯಜಿಸುತ್ತಾನೆ. ಕಡೆಗೆ ಚಿಕಿತ್ಸೆಗೆ ಒಪ್ಪುತ್ತಾನೆ. ಇದನ್ನು ಸೋಲೆಂದು ತಿಳಿದು ಅಸಮಾಧಾನಪಡುವವರಿದ್ದಾರೆ. ಆದರೆ ಸಲ್ಲೇಖನಕ್ಕೆ ಶಾಸ್ತ್ರ ವಿಧಿಸುವುದು ಪ್ರತೀಕಾರವಿಲ್ಲದ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ. ಮೈತ್ರೇಯನ ರೋಗಕ್ಕೆ ಪ್ರತೀಕಾರವಿದೆ. ಆ ಪ್ರತೀಕಾರದಲ್ಲಿಯೇ ಹಿಂಸೆಯಿದೆ. ಗ್ರಂಥ ನೇರವಾಗಿ ಕೇಳದ ಈ ಪ್ರಶ್ನೆಯನ್ನು ಚಿತ್ರ ಕೇಳುತ್ತದೆ, ಅಪಹಾಸ್ಯ ಮಾಡದೆ ಕೇಳುತ್ತದೆ. ಮಾತುಗಳು ಬಹುಪಾಲು ಇಂಗ್ಲಿಷ್ ಮತ್ತು ಹಿಂದಿಯಲ್ಲಿರುವುದರಿಂದ ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ವಿವರಿಸಬಲ್ಲವರೊಬ್ಬರು ಪಕ್ಕದಲ್ಲಿರಬೇಕು. ಚಿಕ್ಕ ಮಕ್ಕಳನ್ನು ಆ ದಿನ ಕರೆತರುವುದು ಬೇಡ.