ಬಾಗಿಲ ಹೊರಗಿನ ಮನೆ

ಆಮ್‌ಸ್ಟರ್‌ಡ್ಯಾಮಿನ ದಕ್ಷಿಣ ಅಂಚಿನ ಬೌಟನ್‌ವೆಲ್ಡರ್ಟ್‌ನಲ್ಲೋ ಅದಕ್ಕೆ ಅಂಟಿಕೊಂಡ ಆಮ್ಸ್ಟೆಲ್‌ವೇನ್‌ನಲ್ಲೋ ಮಾರಾಟಕ್ಕೆ ಬರುವ ಫ್ಲ್ಯಾಟುಗಳ ಜಾಹೀರಾತಿನಲ್ಲಿ ಮೂರು ಹೊಗಳಿಕೆಗಳು ಮತ್ತೆ ಮತ್ತೆ ಕಾಣುತ್ತವೆ: ಮನೆ ವಿಶಾಲವಾಗಿದೆ, ಬಡಾವಣೆ ಪ್ರಶಾಂತವಾಗಿದೆ, ಮಕ್ಕಳಿರುವವರಿಗೆ ಹೇಳಿ ಮಾಡಿಸಿದಂತಿದೆ. ಮೊದಲನೆಯದನ್ನು ಡಚ್ಚರು ಅಳೆದು ತೋರಿಸುತ್ತಾರೆ. ಗೋಡೆಗಳ ನಡುವೆ ನಿಜವಾಗಿ ಬಳಕೆಗೆ ಸಿಗುವ ಜಾಗವನ್ನು ಅಳೆಯಲು ಅಲ್ಲಿ ರಾಷ್ಟ್ರೀಯ ಮಾನದಂಡವೇ ಇದೆ. ಬಾಲ್ಕನಿಯ ಲೆಕ್ಕ ಬೇರೆ, ಕೆಳಗೆ ಸೈಕಲ್ ಇಡುವ ಕೋಣೆಯ ಲೆಕ್ಕ ಬೇರೆ. ಲಿಫ್ಟು, ಮೆಟ್ಟಿಲು, ಲಾಬಿಗಳ ಪಾಲನ್ನೂ ‘ಸೂಪರ್ ಬಿಲ್ಟ್‌ಅಪ್’ ಎಂದು ಸೇರಿಸಿ ಚದರಡಿಗೆ ಬೆಲೆ ಹೇಳುವ ಬೆಂಗಳೂರಿನಿಂದ ಹೋದ ಸಾಫ್ಟ್‌ವೇರ್ ದಂಪತಿಗಳಿಗೆ ಇದು ದೊಡ್ಡ ಸಮಾಧಾನ. ನನ್ನ ತಕರಾರು ಉಳಿದೆರಡು ಹೊಗಳಿಕೆಗಳ ಬಗ್ಗೆ. ಬೆಲೆಯಲ್ಲಿ ಅವುಗಳ ಪಾಲು ಕಡಿಮೆಯೇನಲ್ಲ. ಆದರೆ ಅವು ಮನೆಯ ಒಳಗೆ ಹುಟ್ಟುವುದಿಲ್ಲ, ಮಾರುವವನ ಸ್ವಂತದ್ದೂ ಅಲ್ಲ. ಬಾಗಿಲ ಹೊರಗೆ ಹಲವರು ಸೇರಿ ಕಟ್ಟಿದ ವ್ಯವಸ್ಥೆ ಅವನ್ನು ಉಂಟುಮಾಡುತ್ತದೆ. ಡಚ್ ಮನೆ ಖರೀದಿಯ ಪದ್ಧತಿ ಒಳಗಿನದನ್ನು ಸೆಂಟಿಮೀಟರ್‌ವರೆಗೆ ಅಳೆದು, ಹೊರಗಿನದನ್ನು ವಿಶೇಷಣಗಳ ಪಾಲಿಗೆ ಬಿಟ್ಟುಬಿಡುತ್ತದೆ.

ಪ್ರಶಾಂತತೆಯನ್ನೇ ನೋಡೋಣ. ಬೌಟನ್‌ವೆಲ್ಡರ್ಟ್‌ನ ಬಹುಪಾಲು ಫ್ಲ್ಯಾಟುಗಳು 1950ರ ದಶಕದ ಕೊನೆಯಲ್ಲಿ ಮತ್ತು 60ರ ದಶಕದಲ್ಲಿ ಎದ್ದವು. ಅಗಲ ಕಿಟಕಿ, ಹಸಿರಿನ ನಡುವೆ ಸಾಲಾಗಿ ನಿಂತ ಕಟ್ಟಡ, ನೋಡಲು ಸೊಗಸು. ಆದರೆ ಆ ಕಾಲದ ಮಹಡಿಗಳಲ್ಲಿ ಮೇಲಿನವರ ಹೆಜ್ಜೆ ಕೆಳಗಿನವರ ತಲೆಯ ಮೇಲೆ ಕೇಳಿಸುತ್ತದೆ. ಹಾಗಾಗಿ ಮನೆ ಶಾಂತವಾಗಿರುವುದು ಗೋಡೆಯ ದಪ್ಪಕ್ಕಿಂತ ಮಾಲೀಕರ ಸಂಘದ ನಿಯಮಾವಳಿಯ ಮೇಲೆ ನಿಂತಿದೆ: ಮರದ ನೆಲಹಾಸು ಹಾಕಬಹುದೇ, ಹಾಕಿದರೆ ಅಡಿಯಲ್ಲಿ ಶಬ್ದ ಹೀರುವ ಪದರ ಬೇಕೇ, ನಿಯಮ ಮೀರಿದವರನ್ನು ಸಂಘ ಕೇಳುತ್ತದೆಯೇ? ಫ್ಲ್ಯಾಟು ಕೊಂಡವರೆಲ್ಲ ಕಾನೂನಿನ ಪ್ರಕಾರ ತಾವಾಗಿಯೇ ಈ ಸಂಘದ ಸದಸ್ಯರಾಗುತ್ತಾರೆ, ಬೇಡವೆಂದು ಹೊರಗುಳಿಯುವಂತಿಲ್ಲ. ದುರಸ್ತಿಗೆ ಹಣ ಕೂಡಿಡುವುದನ್ನೂ 2018ರಿಂದ ಕಾನೂನು ಬಿಗಿಗೊಳಿಸಿದೆ. ಹಲವು ವರ್ಷಗಳ ದುರಸ್ತಿ ಯೋಜನೆಯೊಂದು ಇರಬೇಕು, ಇಲ್ಲವೇ ಕಟ್ಟಡವನ್ನು ಮತ್ತೆ ಕಟ್ಟಲು ತಗಲುವ ವೆಚ್ಚದ ಕನಿಷ್ಠ ಶೇ. 0.5ರಷ್ಟನ್ನು ಪ್ರತಿವರ್ಷ ತೆಗೆದಿಡಬೇಕು. ಈ ನಿಧಿ ಬರಿದಾಗಿರುವ ಕಟ್ಟಡದಲ್ಲಿ ನೂರು ಚದರ ಮೀಟರಿನ ಮನೆ ಕೊಂಡವರು ಸೋರುವ ಛಾವಣಿಯ ಖರ್ಚಿನ ಪಾಲನ್ನೂ ಕೊಂಡಂತಾಯಿತು. ಇನ್ನು ಆಕಾಶದ ಸಂಗತಿ. ಸ್ಕಿಪೋಲ್ ವಿಮಾನ ನಿಲ್ದಾಣದ ಒಂದು ರನ್‌ವೇಗೆ ಬೌಟನ್‌ವೆಲ್ಡರ್ಟ್‌ನ ಹೆಸರೇ ಇದೆ, ಏಕೆಂದರೆ ಅದರ ದಾರಿ ಈ ಬಡಾವಣೆಯ ತಲೆಯ ಮೇಲೆಯೇ ಹಾದುಹೋಗುತ್ತದೆ. ಗಾಳಿಯ ದಿಕ್ಕು ಬದಲಾದರೆ, ಬೇರೆ ರನ್‌ವೇ ದುರಸ್ತಿಗೆ ನಿಂತರೆ ವಿಮಾನಗಳು ಈ ಕಡೆ ತಿರುಗುತ್ತವೆ. ಶನಿವಾರ ಅರ್ಧ ಗಂಟೆ ಮನೆ ನೋಡಿ ಹೋಗುವವರಿಗೆ ಅಂದಿನ ಗಾಳಿಯ ಅದೃಷ್ಟವಷ್ಟೇ ಕೇಳಿಸುತ್ತದೆ.

ಮಕ್ಕಳಿಗೆ ಒಪ್ಪುವ ಬೀದಿಯೂ ನಿಸರ್ಗದತ್ತವಲ್ಲ. 1971ರಲ್ಲಿ ನೆದರ್ಲೆಂಡ್ಸ್‌ನ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ಆಗ ಅಲ್ಲಿನ ಊರುಗಳೂ ಕಾರಿಗಾಗಿ ಬೀದಿ ಅಗಲಿಸುವ ಹುಮ್ಮಸ್ಸಿನಲ್ಲಿದ್ದವು. ‘ಮಕ್ಕಳ ಕೊಲೆ ನಿಲ್ಲಿಸಿ’ ಎಂಬ ಹೆಸರಿನಲ್ಲೇ ಚಳವಳಿ ಎದ್ದಿತು, ಹೆತ್ತವರು ಬೀದಿಗಿಳಿದರು. ಅದೇ ಕಾಲದಲ್ಲಿ ಡೆಲ್ಫ್ಟ್ ನಗರದಲ್ಲಿ ವೂನ್‌ಎರ್ಫ್ ಎಂಬ ಹೊಸ ಬಗೆಯ ವಸತಿ ಬೀದಿ ರೂಪುಗೊಂಡು 1976ರಲ್ಲಿ ಕಾನೂನಿನ ಮನ್ನಣೆ ಪಡೆಯಿತು. ಅಲ್ಲಿ ಬೀದಿಯ ಪೂರ್ತಿ ಅಗಲ ನಡೆಯುವವರಿಗೂ ಆಡುವವರಿಗೂ ಸೇರಿದ್ದು, ಕಾರು ಬಹಳ ನಿಧಾನವಾಗಿ ಸಾಗಬೇಕು. ಎಂಟು ವರ್ಷದ ಮಗು ಒಬ್ಬಂಟಿಯಾಗಿ ಶಾಲೆಗೆ ಸೈಕಲ್ ತುಳಿಯುವ ದೃಶ್ಯಕ್ಕೆ ಇಂದು ಮನೆ ಮಾರುವವರು ಬೆಲೆ ಪಡೆಯುತ್ತಾರೆ. ಆ ದೃಶ್ಯದ ಹಿಂದೆ ಅರ್ಧ ಶತಮಾನದ ತೆರಿಗೆ ಹಣ ಮತ್ತು ಜಗಳ ಇದೆ.

ಹೊರಗಿನದು ಕೈಕೊಟ್ಟರೆ ಒಳಗಿನ ವೈಶಾಲ್ಯ ಎಷ್ಟು ದುರ್ಬಲ ಎಂಬುದಕ್ಕೆ ನಗರದ ಆಗ್ನೇಯಕ್ಕಿರುವ ಬೈಲ್ಮರ್‌ಮೇರ್‌ಗಿಂತ ಕಟುವಾದ ಸಾಕ್ಷಿ ಬೇಕಿಲ್ಲ. 1968ರಿಂದ ಜನ ನೆಲೆಸತೊಡಗಿದ ಆ ಬಡಾವಣೆಯಲ್ಲಿ ಜೇನುಗೂಡಿನಂತೆ ಮಡಿಚಿದ 31 ಎತ್ತರದ ಕಟ್ಟಡಗಳು, ಸುಮಾರು 13,000 ಮನೆಗಳು. ಮನೆಗಳು ಆ ಕಾಲಕ್ಕೆ ವಿಶಾಲವಾಗಿದ್ದವು, ಸುತ್ತ ಉದ್ಯಾನವಿತ್ತು, ಕಾರುಗಳನ್ನು ಎತ್ತರದ ರಸ್ತೆಗಳಿಗೆ ಕಳಿಸಿದ್ದರಿಂದ ನೆಲದ ಮೇಲೆ ಸದ್ದಿರಲಿಲ್ಲ. ಇಂದಿನ ಜಾಹೀರಾತಿನ ಮೂರೂ ಹೊಗಳಿಕೆಗಳು ಅದಕ್ಕೆ ಸಲ್ಲುತ್ತಿದ್ದವು. ಆದರೆ ಅಂಗಡಿಗಳು ಸಾಕಷ್ಟು ಬರಲಿಲ್ಲ, ಮೆಟ್ರೋ ಬಂದದ್ದು 1977ರಲ್ಲಿ, ಉದ್ದುದ್ದ ಮೊಗಸಾಲೆಗಳನ್ನೂ ನೆಲಮಟ್ಟದ ಕತ್ತಲ ಉಗ್ರಾಣಗಳನ್ನೂ ನೋಡಿಕೊಳ್ಳುವವರಿರಲಿಲ್ಲ. ಯಾರಿಗಾಗಿ ಕಟ್ಟಿದ್ದರೋ ಆ ಮಧ್ಯಮವರ್ಗದ ಕುಟುಂಬಗಳು ಹಿತ್ತಲಿರುವ ಮನೆಗಳನ್ನು ಹುಡುಕಿಕೊಂಡು ಹೊಸ ಊರುಗಳಿಗೆ ಹೋದವು. ಕೊನೆಗೆ ಎತ್ತರದ ಕಟ್ಟಡಗಳಲ್ಲಿ ಬಹಳಷ್ಟನ್ನು ಕೆಡವಲಾಯಿತು. ಕೆಡವಲು ಗೊತ್ತುಮಾಡಿದ್ದ ಕ್ಲೈಬರ್ಗ್ ಎಂಬ ಕಟ್ಟಡ ಮಾತ್ರ ಒಂದು ಯೂರೋಗೆ ಕೈಬದಲಾಯಿಸಿ ಉಳಿಯಿತು. ಹೊಸ ಮಾಲೀಕರು ಲಿಫ್ಟು, ಮೊಗಸಾಲೆ, ನೆಲಮಟ್ಟಗಳನ್ನು ಸರಿಪಡಿಸಿ, ಉಗ್ರಾಣಗಳನ್ನು ಮಹಡಿಗಳ ಮೇಲಕ್ಕೆ ಸಾಗಿಸಿ, ಮನೆಗಳ ಒಳಭಾಗವನ್ನು ಹಾಗೆಯೇ ಅರೆಬರೆ ಬಿಟ್ಟು ಮಾರಿದರು. ಒಳಗಿನ ಕೆಲಸ ಕೊಂಡವರದ್ದು. ವಾಸ್ತುಶಿಲ್ಪಕ್ಕೆ ಕೊಡುವ ಮೀಸ್ ವಾನ್ ಡೆರ್ ರೋಹೆ ಪ್ರಶಸ್ತಿ 2017ರಲ್ಲಿ ಈ ಯೋಜನೆಗೆ ಬಂತು. ಮಾರುಕಟ್ಟೆ ಯಾವುದಕ್ಕೆ ಹೆಚ್ಚು ಗಮನ ಕೊಡುತ್ತದೋ ಅದನ್ನು ಬಿಟ್ಟು, ಕೊಡದಿರುವುದನ್ನು ಮೊದಲು ಕಟ್ಟಿದ್ದರಲ್ಲೇ ಅದರ ಜಾಣತನವಿದೆ.

ಇದಕ್ಕೆ ಸಹಜವಾಗಿಯೇ ಒಂದು ಆಕ್ಷೇಪ ಬರುತ್ತದೆ: ಸಂಘದ ನಡಾವಳಿ, ನಿಧಿಯ ಲೆಕ್ಕ, ದುರಸ್ತಿ ಯೋಜನೆ ಎಲ್ಲವೂ ಕೇಳಿದರೆ ಸಿಗುತ್ತವೆ, ಓದದಿದ್ದರೆ ತಪ್ಪು ಕೊಳ್ಳುವವನದ್ದು. ಅಲ್ಲದೆ ಡಚ್ ಪದ್ಧತಿ ಕೊಳ್ಳುವವನನ್ನು ಚೆನ್ನಾಗಿಯೇ ಕಾಯುತ್ತದೆ. ಕರಾರಿಗೆ ಸಹಿ ಹಾಕಿದ ಮೇಲೂ ಮೂರು ದಿನ ಕಾರಣ ಕೊಡದೆ ಹಿಂದೆ ಸರಿಯಬಹುದು. ಹಸ್ತಾಂತರ ನಡೆಯುವುದು ನೋಟರಿಯ ಮುಂದೆ, ಹಕ್ಕು ದಾಖಲಾಗುವುದು ಭೂದಾಖಲೆ ಕಚೇರಿಯಲ್ಲಿ. ಇದೆಲ್ಲ ನಿಜ, ಖಾತೆಗಾಗಿ ಅಲೆದು ಸುಸ್ತಾದವರು ಅಸೂಯೆಪಡುವಷ್ಟು ನಿಜ. ಆದರೆ ಈ ಕಾವಲು ಬರುವುದು ಬೆಲೆ ಕುದುರಿದ ನಂತರ. ಅದಕ್ಕೆ ಮೊದಲು ಬೇಡಿಕೆ ಹೆಚ್ಚಿರುವ ಬಡಾವಣೆಗಳಲ್ಲಿ ನಡೆಯುವುದು ಮುಚ್ಚಿದ ಹರಾಜು: ಇತರರು ಎಷ್ಟು ಕೂಗಿದ್ದಾರೆಂದು ತಿಳಿಯದೆ, ಕೆಲವೇ ದಿನಗಳ ಗಡುವಿನೊಳಗೆ, ಕೇಳಿದ ಬೆಲೆಗಿಂತ ಮೇಲೆ ಹೇಳಬೇಕು. ಗೆಲ್ಲುವ ಆಸೆಗೆ ಅನೇಕರು ಕಟ್ಟಡ ತಪಾಸಣೆಯ ಷರತ್ತನ್ನೂ ಸಾಲ ಸಿಗದಿದ್ದರೆ ಬಿಡುಗಡೆ ಎಂಬ ಷರತ್ತನ್ನೂ ಕೈಬಿಡುತ್ತಾರೆ. ಹೀಗೆ ಆತುರದಲ್ಲಿರುವವರಿಗೆ ಡಚ್ ಭಾಷೆಯ ನಲವತ್ತು ಪುಟಗಳ ಸಂಘದ ದಾಖಲೆ ಕೊಟ್ಟು ‘ಓದಬಹುದಿತ್ತಲ್ಲ’ ಎನ್ನುವುದು ನ್ಯಾಯವಲ್ಲ. ಹರಾಜಿನ ದಾಖಲೆಯನ್ನು ಏಜೆಂಟರು ಇಡಬೇಕು, ಸೋತವರೂ ಆಮೇಲೆ ನೋಡಬಹುದು ಎಂಬ ಸುಧಾರಣೆ ಒಳ್ಳೆಯದೇ. ಅದು ಮೋಸ ಹಿಡಿಯುತ್ತದೆ, ಅವಸರವನ್ನು ತಗ್ಗಿಸುವುದಿಲ್ಲ.

ಮನೆಗಳ ಕೊರತೆಯೇ ಮೂಲ ರೋಗ, ಪದ್ಧತಿಯನ್ನು ಬೈದು ಫಲವಿಲ್ಲ ಎಂದು ಇನ್ನು ಕೆಲವರು ಹೇಳಬಹುದು. ಕೊರತೆ ಬೆಲೆಯ ಎತ್ತರವನ್ನು ವಿವರಿಸುತ್ತದೆ, ಒಪ್ಪೋಣ. ಆದರೆ ಒಂದೇ ಅಳತೆಯ ಎರಡು ಫ್ಲ್ಯಾಟುಗಳ ಬೆಲೆ ಬಡಾವಣೆಯಿಂದ ಬಡಾವಣೆಗೆ ಏಕೆ ಬೇರೆಯಾಗುತ್ತದೆ ಎಂಬುದನ್ನು ಕೊರತೆಯೊಂದೇ ಹೇಳಲಾರದು. ಆ ವ್ಯತ್ಯಾಸ ಬೀದಿಯದ್ದು, ಶಾಲೆಯದ್ದು, ನೆರೆಯದ್ದು. ಆಮ್‌ಸ್ಟರ್‌ಡ್ಯಾಮ್ ನಗರ ಇದನ್ನು ಬಹಳ ಹಿಂದೆಯೇ ಗ್ರಹಿಸಿತ್ತು. 1896ರಲ್ಲಿ ನಗರಸಭೆ ತನ್ನ ನೆಲವನ್ನು ಮಾರದೆ ಗುತ್ತಿಗೆಗೆ ಕೊಡಲು ತೀರ್ಮಾನಿಸಿತು. ನಗರ ಬೆಳೆದು ನೆಲದ ಬೆಲೆ ಏರಿದರೆ ಅದರ ಪಾಲು ನಗರಕ್ಕೇ ಬರಬೇಕೆಂಬುದು ಅದರ ಹಿಂದಿನ ಯೋಚನೆ. ಗುತ್ತಿಗೆಯ ಅವಧಿ ಮುಗಿದಾಗ ನೆಲಬಾಡಿಗೆ ಒಮ್ಮೆಲೇ ಜಿಗಿಯುವ ಭಯ ಮನೆಯೊಡೆಯರನ್ನು ಕಾಡಿತು, ಅವರ ಸಿಟ್ಟಿಗೆ ಅರ್ಥವಿತ್ತು. 2016ರಲ್ಲಿ ಬಂದ ಶಾಶ್ವತ ಗುತ್ತಿಗೆಯಲ್ಲಿ ಬಾಡಿಗೆ ಒಮ್ಮೆ ನಿಗದಿಯಾದರೆ ಹಣದುಬ್ಬರಕ್ಕೆ ತಕ್ಕಂತೆ ಮಾತ್ರ ಏರುತ್ತದೆ. ಭಯ ಹೋಯಿತು, ಆದರೆ ಅದರೊಡನೆ, ಮುಂದೆ ನಗರ ಬೀದಿಗೆ ಹೊಸ ಟ್ರಾಮ್ ತಂದರೂ ಮರ ನೆಟ್ಟರೂ ಅದರಿಂದ ಏರುವ ಬೆಲೆ ಬಹುಮಟ್ಟಿಗೆ ಈಗಿನ ಮಾಲೀಕರ ಜೇಬಿಗೇ ಹೋಗುವಂತಾಯಿತು. ನಾನು ನಗರಸಭೆಯಲ್ಲಿದ್ದರೆ ಜಿಗಿತವನ್ನು ತಡೆದು, ಏರಿಕೆಯಲ್ಲಿ ನಗರದ ಪಾಲನ್ನು ಉಳಿಸಿಕೊಳ್ಳಲು ವಾದಿಸುತ್ತಿದ್ದೆ. ದೇಶದ ಒಟ್ಟು ಮನೆಗಳಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಇಂದಿಗೂ ವಸತಿ ನಿಗಮಗಳ ಬಾಡಿಗೆ ಮನೆಗಳು. ಬೀದಿಗಳನ್ನು ಶಾಂತವಾಗಿಟ್ಟಿರುವವರಲ್ಲಿ ಆ ಮನೆಗಳ ಬಾಡಿಗೆದಾರರೂ ಇದ್ದಾರೆ, ಮಾರಾಟದ ಲಾಭದಲ್ಲಿ ಅವರಿಗೆ ಕಾಸಿನ ಪಾಲೂ ಇಲ್ಲ.