ಮೀನು ಎಲ್ಲಿದೆ ಅಂತ ಹೇಳುವ ಪುಸ್ತಕಗಳು

ಗಾಳದ ಬಗ್ಗೆ ಬರೆದವರನ್ನು ನಾನು ಎರಡು ಗುಂಪು ಮಾಡ್ತೀನಿ. ಮೀನು ಎಲ್ಲಿದೆ ಅಂತ ಹೇಳುವವರು ಒಂದು ಗುಂಪು. ಅದು ಅಲ್ಲೇ ಯಾಕಿದೆ ಅಂತ ಹೇಳುವವರು ಇನ್ನೊಂದು. ಮೊದಲನೆಯವರು ಬಹಳ ಜನ, ಓದುಗರೂ ನೋಡುಗರೂ ಅವರಿಗೇ ಹೆಚ್ಚು. ಶನಿವಾರ ಬೆಳಿಗ್ಗೆ ಐದಕ್ಕೆ ರಾಡು, ರೀಲು ಕಾರಿನ ಡಿಕ್ಕಿಗೆ ಹಾಕ್ಕೊಂಡು ಬೆಂಗಳೂರು ಬಿಡುವ ಹುಡುಗರಿಗೆ ಬೇಕಾಗಿರೋದು ಗೂಗಲ್ ಮ್ಯಾಪಿನಲ್ಲಿ ಒಂದು ಚುಕ್ಕೆ. ಯಾಕೆ ಅನ್ನೋದನ್ನು ಕೇಳೋಕೆ ಅವರಿಗೆ ಪುರುಸೊತ್ತಿಲ್ಲ. ಆದರೆ ಹೊಳೆಯಲ್ಲಿ ಚುಕ್ಕೆ ತಿಂಗಳಿಗೊಮ್ಮೆ ಜಾಗ ಬದಲಿಸುತ್ತೆ, ‘ಯಾಕೆ’ ಮಾತ್ರ ಹೆಚ್ಚು ದಿನ ಬಾಳುತ್ತೆ.

ಈಗಿನ ವಿಡಿಯೋಗಳಲ್ಲಿ ಪದೇ ಪದೇ ಕೇಳಿಬರುವ ಸೂತ್ರ ಸೀಸನ್, ಡೆಪ್ತ್, ಸ್ಟ್ರಕ್ಚರ್. ಕನ್ನಡದಲ್ಲಿ ಕಾಲ, ಆಳ, ತಳ ಅಂದರೆ ಪ್ರಾಸವೂ ಕೂಡುತ್ತೆ. ಸೂತ್ರ ಅಮೆರಿಕದ್ದು. ಉತ್ತರ ಕ್ಯಾರೊಲಿನಾದ ಬಕ್ ಪೆರ್ರಿ ಎಂಬಾತ ಇದನ್ನು ಊರೂರಿಗೆ ಹಂಚಿದ. ‘ಸ್ಪೂನ್‌ಪ್ಲಗಿಂಗ್’ ಅನ್ನೋ ಅವನ ಪುಸ್ತಕದ ತಿರುಳು ಇಷ್ಟು: ಮೀನಿನ ಮನೆ ಆಳದ ನೀರು. ದಿನದಲ್ಲಿ ಸ್ವಲ್ಪ ಹೊತ್ತು ಮಾತ್ರ ಅದು ತೆಳು ನೀರಿಗೆ ಬರುತ್ತೆ. ಬರುವಾಗ ಮನಸ್ಸಿಗೆ ಬಂದ ಹಾಗೆ ಬರೋದಿಲ್ಲ, ತಳದ ಏರಿಳಿತವನ್ನೇ ದಾರಿ ಮಾಡಿಕೊಂಡು ಬರುತ್ತೆ. ಆ ದಾರಿ ಗೊತ್ತಾದರೆ ಮೀನು ಗೊತ್ತಾದ ಹಾಗೆ. 1950ರ ದಶಕದ ಕೊನೆಗೆ ಲೋರೆನ್ಸ್ ಕಂಪನಿಯ ಹಸಿರು ಡಬ್ಬಿಯಂಥ ಸೋನಾರ್ ಯಂತ್ರ ಸಾಮಾನ್ಯ ಗಾಳದವನ ಕೈಗೂ ಬಂತು. ಅಲ್ಲಿವರೆಗೆ ಊಹೆಯಾಗಿದ್ದ ತಳ ಕಣ್ಣಿಗೇ ಕಂಡಿತು.

ಪೆರ್ರಿಯ ಬಗ್ಗೆ ನನಗೆ ಗೌರವವಿದೆ. ಅವನು ಮೀನಿನ ಅದೃಷ್ಟದ ಕತೆ ಹೇಳೋದನ್ನು ಬಿಟ್ಟು ನೀರಿನ ಕೆಳಗಿನ ಭೂಗೋಳ ಹೇಳಿದ. ತೊಂದರೆ ಅವನ ಶಿಷ್ಯರದ್ದು. ಪೆರ್ರಿಗೆ ಸ್ಟ್ರಕ್ಚರ್ ಅಂದರೆ ತಳದ ಆಕಾರ: ದಿಣ್ಣೆ, ಇಳಿಜಾರು, ಇದ್ದಕ್ಕಿದ್ದ ಹಾಗೆ ಆಳವಾಗುವ ಅಂಚು. ಇವತ್ತಿನ ವಿಡಿಯೋದಲ್ಲಿ ಮುಳುಗಿದ ಮರದ ಬೊಡ್ಡೆಯೂ ಸ್ಟ್ರಕ್ಚರ್, ಪಾಚಿಯೂ ಸ್ಟ್ರಕ್ಚರ್, ಯಾರೋ ಎಸೆದ ಟಯರೂ ಸ್ಟ್ರಕ್ಚರ್. ಬೊಡ್ಡೆ ಮೀನಿಗೆ ಮರೆ, ಅಷ್ಟೇ. ಮರೆಗೂ ದಾರಿಗೂ ಇರೋ ವ್ಯತ್ಯಾಸ ಬಸ್‌ಸ್ಟ್ಯಾಂಡಿಗೂ ರಸ್ತೆಗೂ ಇರೋ ವ್ಯತ್ಯಾಸ. ಬಸ್ಸೇ ಓಡದ ರಸ್ತೆಯಲ್ಲಿ ಎಷ್ಟು ಚಂದದ ಸ್ಟ್ಯಾಂಡ್ ಕಟ್ಟಿದರೂ ಅಲ್ಲಿ ಜನ ನಿಲ್ಲಲ್ಲ.

ಇದಕ್ಕಿಂತ ದೊಡ್ಡ ತಕರಾರು ಇನ್ನೊಂದಿದೆ. ಈ ಸೂತ್ರ ಬೆಳೆದದ್ದು ಮುಖ್ಯವಾಗಿ ಕೆರೆ, ಜಲಾಶಯಗಳ ನಿಂತ ನೀರಿನಲ್ಲಿ. ಮೈಯೆಲ್ಲ ಕಣ್ಣಾಗಿ ಹೊಂಚು ಹಾಕಿ ಕೂರುವ ಬಾಸ್ ಮೀನು ಅದರ ನಾಯಕ. ಅದನ್ನು ತಂದು ಶಿವನಸಮುದ್ರದ ಕೆಳಗಿನ ಕಾವೇರಿಗೆ ಹಚ್ಚಿದರೆ? ಹರಿಯುವ ನೀರಲ್ಲಿ ಮೀನಿಗೆ ಮೊದಲ ಲೆಕ್ಕ ಶಕ್ತಿಯದ್ದು. ಸೆಳೆತದ ಎದುರು ಈಜುತ್ತಾ ನಿಂತರೆ ತಿಂದದ್ದೆಲ್ಲ ಅಲ್ಲೇ ಖರ್ಚು. ಅದಕ್ಕೇ ಬಂಡೆಯ ಹಿಂದಿನ ಸುಳಿ, ಬಂಡೆಯ ಮುಂದೆ ನೀರು ತಡೆದು ನಿಲ್ಲುವ ಸಣ್ಣ ಜಾಗ, ರಭಸದ ನೀರೂ ನಿಧಾನದ ನೀರೂ ಒಂದನ್ನೊಂದು ಸವರಿಕೊಂಡು ಹೋಗುವ ಗೆರೆ, ಮಡುವಿಗೆ ನೀರು ಧುಮುಕುವ ಬಾಯಿ, ಅದು ತೆಳುವಾಗಿ ಹೊರಬೀಳುವ ಬಾಲ, ಇವೆಲ್ಲ ಮುಖ್ಯ ಆಗ್ತವೆ. ನಿಧಾನದಲ್ಲಿ ನಿಲ್ಲೋದು, ರಭಸದಲ್ಲಿ ತೇಲಿಬಂದದ್ದಕ್ಕೆ ಬಾಯಿ ಹಾಕೋದು. ಎರಡಡಿ ನೀರಲ್ಲೂ ದೊಡ್ಡ ಮೀನು ಇರುತ್ತೆ, ಇಪ್ಪತ್ತಡಿ ಮಡು ಖಾಲಿಯೂ ಇರುತ್ತೆ. ಬೇಸಿಗೆಯ ಲೆಕ್ಕ ಬೇರೆ. 10 ಡಿಗ್ರಿ ತಂಪಿನ ನೀರಲ್ಲಿ ಲೀಟರಿಗೆ ಸುಮಾರು 11 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 30 ಡಿಗ್ರಿಯಲ್ಲಿ ಸುಮಾರು 7.5 ಮಾತ್ರ. ಹಾಗಾಗಿ ಏಪ್ರಿಲ್‌ನಲ್ಲಿ ಮೀನಿಗೆ ಆಳವೂ ಬೇಕು, ಆ ಆಳಕ್ಕೆ ನೊರೆಯೆಬ್ಬಿಸಿ ಗಾಳಿ ಬೆರೆಸುವ ಝರಿಯೂ ಪಕ್ಕದಲ್ಲಿ ಬೇಕು.

ಮಹಶೀರ್ ಬಾಸ್ ಅಲ್ಲ ಅನ್ನೋದನ್ನೂ ಸೂತ್ರ ಮರೆಯುತ್ತೆ. ಅದು ಏಡಿ, ಶಂಖದ ಹುಳ, ಸಣ್ಣ ಮೀನು, ಪಾಚಿ ಎಲ್ಲ ತಿನ್ನುತ್ತೆ. ದಡದ ಮರದಿಂದ ಉದುರಿದ ಹಣ್ಣನ್ನೂ ಬಿಡಲ್ಲ. ಕಾವೇರಿ ದಂಡೆಯವರು ರಾಗಿ ಮುದ್ದೆಯ ಉಂಡೆಯನ್ನು ಗಾಳಕ್ಕೆ ಕಟ್ಟೋದು ಸುಮ್ಮನೆ ಅಲ್ಲ. ಇಂಥ ಮೀನನ್ನು ಹುಡುಕುವವನು ನೀರಿನ ತಳ ನೋಡಿದರೆ ಸಾಲದು, ತಲೆಯೆತ್ತಿ ಅತ್ತಿಮರ ಹಣ್ಣು ಬಿಟ್ಟಿದೆಯಾ ಅಂತಲೂ ನೋಡಬೇಕು. ಸೋನಾರ್ ಪರದೆಯಲ್ಲಿ ಅತ್ತಿಮರ ಕಾಣಲ್ಲ.

ನಮ್ಮ ಕಡೆ ಈ ಸಾಹಿತ್ಯ ಹೊಸದಲ್ಲ. ಕಲ್ಯಾಣದ ಚಾಲುಕ್ಯರ ಮೂರನೇ ಸೋಮೇಶ್ವರ 12ನೇ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಅಂತ ಒಂದು ಭಾಗವೇ ಇದೆ. ಸಮುದ್ರದ್ದು ಯಾವುದು ನದಿಯದ್ದು ಯಾವುದು, ಪೊರೆಯಿರೋದು ಯಾವುದು ಇಲ್ಲದ್ದು ಯಾವುದು, ಯಾವುದಕ್ಕೆ ಏನು ತಿನ್ನಿಸಬೇಕು, ಕೋಲು ಹೇಗಿರಬೇಕು, ದಾರ ಹೇಗಿರಬೇಕು ಎಲ್ಲವೂ ಸಾಲಾಗಿ ಬರುತ್ತೆ. ಓದೋಕೆ ಮಜವಾಗಿದೆ. ಆದರೆ ಹೊಳೆ ಅಲ್ಲಿ ಕಾಣೋದೇ ಕಮ್ಮಿ. ಕಾರಣ ಸರಳ ಅಂತ ನನ್ನ ಓದು. ರಾಜ ಮೀನು ಹುಡುಕಿಕೊಂಡು ಹೋಗಬೇಕಾಗಿಲ್ಲ. ದಿನಾ ಉಂಡೆ ಹಾಕಿಸಿ ಸಾಕಿಕೊಂಡರೆ ಅದೇ ಕಾಲಬುಡಕ್ಕೆ ಬರುತ್ತೆ. ಮೀನು ಎಲ್ಲಿದೆ ಅನ್ನೋ ಪ್ರಶ್ನೆ ಹುಟ್ಟೋದು ಊಳಿಗದವರು ಇಲ್ಲದವನಿಗೆ.

ಆ ಪ್ರಶ್ನೆಯನ್ನು ಇಲ್ಲಿ ಗಂಭೀರವಾಗಿ ಕೇಳಿದವನು ಹೆನ್ರಿ ಸಲಿವನ್ ಥಾಮಸ್. ಮದರಾಸು ಸಿವಿಲ್ ಸರ್ವಿಸಿನ ಅಧಿಕಾರಿ, ದಕ್ಷಿಣ ಕನ್ನಡದಲ್ಲಿ ಕಲೆಕ್ಟರ್ ಆಗಿದ್ದವನು. ಅವನ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಅಚ್ಚಾಯಿತು. ಗಾಳದ ಪುಸ್ತಕ ಅಂತ ಕೈಗೆತ್ತಿಕೊಂಡವನು ಅರ್ಧ ದಾರಿಯಲ್ಲಿ ಜೀವಶಾಸ್ತ್ರದೊಳಗೆ ಬಿದ್ದಿರ್ತಾನೆ. ಮಹಶೀರಿನ ಬಾಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಅದರಿಂದಲೇ ಅದು ಏಡಿಯನ್ನೂ ಗಾಳವನ್ನೂ ಒಂದೇ ಥರ ಜಜ್ಜಿಬಿಡುತ್ತೆ ಅನ್ನೋದರಿಂದ ಹಿಡಿದು, ಮಳೆಗಾಲದ ನೆರೆ ಬಂದಾಗ ಅದು ಉಪನದಿಗಳನ್ನು ಹತ್ತಿ ಹೋಗೋದು, ನೀರು ಇಳಿಯುವಾಗ ಹಿಂತಿರುಗೋದು, ಎಲ್ಲಕ್ಕೂ ಅವನ ಹತ್ತಿರ ಒಂದು ‘ಯಾಕೆ’ ಇದೆ. ಸಾಲ್ಮನ್ ಥರ ಒಂದೇ ಸಲಕ್ಕಲ್ಲ, ಮಹಶೀರ್ ಕಂತು ಕಂತಾಗಿ ಮೊಟ್ಟೆ ಇಡುತ್ತೆ ಅಂತ ಅವನು ವಾದ ಮಾಡ್ತಾನೆ. ಶಿಕಾರಿ ಪುಸ್ತಕದಲ್ಲಿ ಮೊಟ್ಟೆಗೆ ಇಷ್ಟು ಜಾಗ ಕೊಟ್ಟವರು ಅಪರೂಪ.

ಹಾಗಂತ ಥಾಮಸ್‌ನನ್ನು ತಲೆ ಮೇಲೆ ಹೊತ್ತು ಕುಣಿಯಬೇಕಾಗಿಲ್ಲ. ಊರವರ ಬಲೆ, ಬುಟ್ಟಿ, ಕೂಳಿ ಎಲ್ಲ ಅವನ ಕಣ್ಣಿಗೆ ಮೀನಿನ ಸಂತಾನ ಹಾಳುಮಾಡುವ ಸಾಧನಗಳು. ದೊರೆಗಳ ರಾಡು ಮಾತ್ರ ಕ್ರೀಡೆ. ಸಣ್ಣ ಕಣ್ಣಿನ ಬಲೆ, ವಿಷ ಇವುಗಳ ಬಗ್ಗೆ ಅವನ ಆತಂಕ ನಿಜವೇ. ಡೈನಮೈಟು, ವಿಷ ಎರಡನ್ನೂ ನಿಷೇಧಿಸುವ ಮೀನುಗಾರಿಕೆ ಕಾಯ್ದೆ 1897ರಲ್ಲಿ ಬಂತು, ಒಳ್ಳೆಯದೇ ಆಯ್ತು. ಆದರೆ ಮೀನು ಯಾವ ಮಡುವಿನಲ್ಲಿದೆ ಅಂತ ಅವನಿಗೆ ತೋರಿಸಿದವರು ಯಾರು? ಬೆಸ್ತರ ಹೆಸರು ಇಂಥ ಪುಸ್ತಕಗಳಲ್ಲಿ ಬರೋದು ಕಮ್ಮಿ. ಮಲೆನಾಡಿನವರ ಬಾಯಲ್ಲಿರೋ ‘ಹತ್ತುಮೀನು’ ಅನ್ನೋ ಒಂದೇ ಪದ ನೋಡಿ. ಮುಂಗಾರಿನ ಮೊದಲ ನೆರೆಗೆ ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಗದ್ದೆಗೆ ಮೊಟ್ಟೆ ಇಡೋಕೆ ಹತ್ತಿಬರುವ ಮೀನು. ಕಾಲ, ನೀರಿನ ಆಳ, ದಾರಿ, ಕಾರಣ ನಾಲ್ಕೂ ಆ ಪದದಲ್ಲೇ ಇದೆ. ರಾತ್ರಿ ಟಾರ್ಚು, ಕತ್ತಿ ಹಿಡ್ಕೊಂಡು ಅದೇ ಗದ್ದೆಗೆ ಇಳಿಯುವವರಿಗೂ ಈ ಪದವೇ ದಾರಿ ತೋರಿಸೋದು. ಹೊಟ್ಟೆ ತುಂಬ ಮೊಟ್ಟೆ ಹೊತ್ತ ಮೀನನ್ನು ಕಡಿಯೋದನ್ನು ನಾನು ಸಂಪ್ರದಾಯ ಅಂತ ಮುದ್ದಿಸಲಾರೆ.

ಮೀನು ಎಲ್ಲಿ ಸೇರುತ್ತೆ ಅಂತ ಗೊತ್ತಾಗೋದು ಯಾವಾಗಲೂ ಎರಡಲಗಿನ ಕತ್ತಿ. ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳು ಇರುವ ಜಾಗಕ್ಕೆ ಸೋನಾರ್ ಬೇಡ, ದೇವಸ್ಥಾನದ ಮೆಟ್ಟಿಲೇ ಸಾಕು. ಎಲ್ಲರಿಗೂ ಗೊತ್ತಿರೋದೇ ಅವುಗಳಿಗೆ ರಕ್ಷಣೆ. 1996ರಲ್ಲಿ ಯಾರೋ ಆ ನೀರಿಗೆ ವಿಷ ಹಾಕಿದಾಗ ಸಾವಿರಾರು ಮೀನು ಸತ್ತದ್ದೂ ಅವೆಲ್ಲ ಒಂದೇ ಕಡೆ ಇದ್ದದ್ದರಿಂದಲೇ. ಸತ್ತ ಮೀನುಗಳಿಗೆ ಅಲ್ಲೊಂದು ಸ್ಮಾರಕ ಇದೆ.

ಇನ್ನು ಕಾವೇರಿ. ಥಾಮಸ್ ಬರೆದಾಗ ಕೆಆರ್‌ಎಸ್ ಇರಲಿಲ್ಲ, ಮೆಟ್ಟೂರು ಇರಲಿಲ್ಲ, ಶಿವನಸಮುದ್ರದ ವಿದ್ಯುತ್ ಕೂಡ ಬಂದಿರಲಿಲ್ಲ. ಅದು ಬಂದದ್ದು 1902ರಲ್ಲಿ. ಅವನ ‘ಕಾಲ’ ಮಳೆಯ ಕಾಲ. ಈಗ ಶಿವನಸಮುದ್ರದಿಂದ ಬಿಳಿಗುಂಡ್ಲುವರೆಗಿನ ಹೊಳೆಯಲ್ಲಿ ಕಾಲ ಅನ್ನೋದನ್ನು ಗೇಟು ತೀರ್ಮಾನ ಮಾಡುತ್ತೆ. 2018ರ ಸುಪ್ರೀಂ ಕೋರ್ಟ್ ತೀರ್ಪಿನಂತೆ ಸಾಮಾನ್ಯ ಮಳೆಯ ವರ್ಷದಲ್ಲಿ ಬಿಳಿಗುಂಡ್ಲುವಿನಲ್ಲಿ 177.25 ಟಿಎಂಸಿ ನೀರು ದಾಟಬೇಕು, ಅದಕ್ಕೆ ತಿಂಗಳವಾರು ಪಟ್ಟಿ ಇದೆ. ಮುಖ್ಯವಾಗಿ ರೈತರಿಗಾಗಿ, ಊರುಗಳಿಗಾಗಿ ಮಾಡಿದ ಪಟ್ಟಿ ಅದು. ಮೊಟ್ಟೆ ಇಡೋಕೆ ಯಾವ ವಾರ ನೆರೆ ಬೇಕು ಅನ್ನೋ ಕಾಲಂ ಅದರಲ್ಲಿಲ್ಲ. ಕಾಲ, ಆಳ, ತಳ ಅಂತ ಪಾಠ ಮಾಡುವ ಯಾವ ವಿಡಿಯೋದಲ್ಲೂ ನಾನು ಗೇಟಿನ ಸುದ್ದಿ ಕೇಳಿಲ್ಲ. ಮರಳು ತೆಗೆದರೆ ತಳವೇ ಬೇರೆ ಆಗುತ್ತೆ, ಅದೂ ಕೇಳಿಲ್ಲ.

ಈ ಹೊಳೆಯ ಗೂನುಬೆನ್ನಿನ ಮಹಶೀರ್ ಜಗತ್ತಿನ ಬೇರೆಲ್ಲೂ ಇಲ್ಲದ್ದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಕಬಿನಿಯಲ್ಲಿ ಹಿಡಿದದ್ದು 120 ಪೌಂಡು ತೂಗಿತ್ತು. 2018ರಲ್ಲಿ ಅದಕ್ಕೆ ಟಾರ್ ರೆಮಾದೇವಿ ಅನ್ನೋ ವೈಜ್ಞಾನಿಕ ಹೆಸರು ಖಚಿತವಾಯ್ತು. ಅದೇ ವರ್ಷ ಐಯುಸಿಎನ್ ಅದನ್ನು ಅಳಿವಿನ ಕಡೇ ಅಂಚಿನ ಪಟ್ಟಿಗೆ ಸೇರಿಸಿತು. ಹೆಸರಿಡೋದಕ್ಕೂ ಅಳಿವು ಬರೆಯೋದಕ್ಕೂ ಒಂದೇ ವರ್ಷ! ಅದು ಕಮ್ಮಿಯಾಗ್ತಿದೆ ಅಂತ ಅಂಕಿಗಳಲ್ಲಿ ತೋರಿಸಿದ್ದಕ್ಕೆ ಒಂದು ದೊಡ್ಡ ಆಧಾರ, ಗಾಲಿಬೋರೆ ಕ್ಯಾಂಪಿನಲ್ಲಿ ಹಿಡಿದು ಬಿಡುತ್ತಿದ್ದ ಗಾಳದವರು 1998ರಿಂದ 2012ರವರೆಗೆ ಬರೆದಿಟ್ಟ ದಾಖಲೆ ಪುಸ್ತಕ. ಹೊರಗಿನಿಂದ ತಂದು ಬಿಟ್ಟ ನೀಲಿರೆಕ್ಕೆಯ ಮಹಶೀರ್ ಹೆಚ್ಚುತ್ತಾ, ಇಲ್ಲಿನದು ಕರಗುತ್ತಾ ಹೋದದ್ದು ಅದರಲ್ಲಿ ಕಂಡಿತು. ಅಭಯಾರಣ್ಯದೊಳಗೆ ಗಾಳ ನಿಂತ ಮೇಲೆ ಆ ಪುಸ್ತಕವೂ ನಿಂತಿತು. ನಿಷೇಧ ತಪ್ಪು ಅಂತ ನಾನು ಹೇಳಲ್ಲ. ಆದರೆ ಒಣಾ ತಾರೀಖು, ತೂಕಗಳ ಆ ನೋಟುಬುಕ್ಕು ಕಾವೇರಿಯ ಮೀನಿನ ಬಗ್ಗೆ ನಮ್ಮ ಕಾಲದಲ್ಲಿ ಬರೆದ ಅತಿ ಮುಖ್ಯ ಬರಹ ಅಂತ ನನಗನ್ನಿಸುತ್ತೆ. ಅದನ್ನು ಬರೆದವರಿಗೆ ಹಾಗನ್ನಿಸಿರಲಿಕ್ಕಿಲ್ಲ.

ಮೇಕೆದಾಟುವಿನಲ್ಲಿ 67 ಟಿಎಂಸಿಯ ಜಲಾಶಯ ಕಟ್ಟುವ ಪ್ರಸ್ತಾಪ ಇದೆಯಲ್ಲ, ಅದು ಬಂದರೆ ನಮ್ಮ ನಲ್ಲಿಗೂ ಒಂದಿಷ್ಟು ನೀರು ಬರುತ್ತೆ. ಝರಿ, ಸುಳಿ, ಬಂಡೆಯ ಹಿಂದಿನ ನಿಧಾನ ನೀರು ಎಲ್ಲ ಮುಳುಗಿ, ಅಲ್ಲೊಂದು ದೊಡ್ಡ ನಿಂತ ನೀರಾಗುತ್ತೆ. ಅವತ್ತು ಪೆರ್ರಿಯ ಸೂತ್ರ ಕಾವೇರಿಗೆ ಒಂದಕ್ಷರ ತಿದ್ದದೆ ಹೊಂದುತ್ತೆ. ಬೇರೆ ಮೀನಿಗೆ.

ಥಾಮಸ್‌ನ ಪುಸ್ತಕದ ಹಳೇ ಪ್ರತಿಗಳ ಸ್ಕ್ಯಾನ್ ಇಂಟರ್‌ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತೆ. ದಪ್ಪ ಇದೆ, ಗತ್ತು ಜಾಸ್ತಿ ಇದೆ. ಗಾಳ, ದಾರದ ಅಧ್ಯಾಯಗಳನ್ನು ಹಾರಿಸಿ, ಮೊಟ್ಟೆಯ ಪುಟಗಳಿಂದ ಶುರುಮಾಡಿ.